ಕಾಕಾ ಕೆಡಿಸಿದ ಬಂದೂಕು

ಅಪ್ಪ ತೀರಿಕೊಂಡ ಮೇಲೆ ನನ್ನ ಪಾಲಿಗೆ ಬಂದದ್ದು ಕೊರ್ಲಹಳ್ಳಿಯ ಹೊಳೆದಂಡೆಯ ನಾಲ್ಕು ಎಕರೆ ಹೊಲ, ಒಂದು ತಾಮ್ರದ ಹಂಡೆ ಮತ್ತು ನಡು ಬಾಗದ ಒಂದು ಬಂದೂಕು. ಹೊಲವನ್ನು ಪಾಲಿಗೆ ಹಚ್ಚಿದೆ. ಹಂಡೆ ಬೆಟಗೇರಿಯ ನಮ್ಮ ಮನೆಯ ಬಚ್ಚಲಿಗೆ ಬಂತು. ಬಂದೂಕಿನ ವಿಷಯಕ್ಕೆ ಮಾತ್ರ ಬೀಗರು ನೆಂಟರೆಲ್ಲ ತಲೆಗೊಂದು ಸಲಹೆ ಕೊಟ್ಟರು. ಸರ್ಕಾರಕ್ಕೆ ಒಪ್ಪಿಸಿಬಿಡು ಎಂದರು ಕೆಲವರು. ಗೋಡೆಗೆ ಮೊಳೆ ಹೊಡೆದು ತೂಗುಹಾಕು, ಶೋಭೆ ಕಾಣುತ್ತದೆ ಎಂದರು ಇನ್ನು ಕೆಲವರು. ಹೆಂಗಸಿಗೇಕೆ ಬಂದೂಕು ಎಂದವರೂ ಇದ್ದರು. ಅವರಿಗೆ ನಾನು ಕೊಟ್ಟ ಉತ್ತರವನ್ನು ಇಲ್ಲಿ ಬರೆಯುವುದು ಬೇಡ.

ನಡು ಬಾಗುವುದು ಎಂದರೆ ಏನೆಂದು ಹೇಳಿಬಿಡುತ್ತೇನೆ. ನಮ್ಮದು ಒಂಟಿ ನಳಿಗೆಯ ಬಂದೂಕು. ಅದಕ್ಕೆ ತೋಟಾ ತುಂಬಬೇಕೆಂದರೆ ಹಿಡಿಯ ಮೇಲಿನ ಸಣ್ಣ ಕೀಲಿಯೊಂದನ್ನು ಹೆಬ್ಬೆರಳಿನಿಂದ ಸರಿಸಬೇಕು. ಆಗ ನಳಿಗೆ ಮುಂದಕ್ಕೆ ಬಾಗಿ ಹಿಂಬದಿಯ ಬಾಯಿ ತೆರೆದುಕೊಳ್ಳುತ್ತದೆ. ಅಜ್ಜ ಅದನ್ನು ಹುಬ್ಬಳ್ಳಿಯ ಅಂಗಡಿಯೊಂದರಲ್ಲಿ, ಅಲ್ಲಿದ್ದವುಗಳಲ್ಲೆಲ್ಲ ಅಗ್ಗದ್ದು ಎಂದು ಆರಿಸಿ ತಂದಿದ್ದನಂತೆ. ನಳಿಗೆಯ ಮೇಲೆ ಬೆಲ್ಜಿಯಂ ಎಂದು ಕೆತ್ತಿದೆ, ಆದರೆ ಅದನ್ನು ಕಂಡು ಯಾರೂ ಬೆರಗಾಗಬೇಕಿಲ್ಲ. ಅಲ್ಲಿಯ ಬಡವರಿಗೂ ಬಂದೂಕು ಬೇಕಾಗುತ್ತಿತ್ತು, ಅಂಥದ್ದೇ ಇದು. ಅಂಥ ಈ ಬಂದೂಕು ನಲವತ್ತಾರು ವರ್ಷಗಳಿಂದ ಬಾಗಿರಲಿಲ್ಲ. ಕೀಲಿ ಬೆಸುಗೆ ಹಾಕಿದಂತೆ ಕೂತುಬಿಟ್ಟಿತ್ತು. ಅದನ್ನು ಕೆಡಿಸಿದವನು ಕಾಕಾ ಎಂಬುದರಲ್ಲಿ ನಮ್ಮ ಮನೆಯ ಯಾರಿಗೂ ಅನುಮಾನವಿರಲಿಲ್ಲ. ಸ್ವತಃ ಕಾಕಾನಿಗೂ ಇರಲಿಲ್ಲ.

ನನಗಾಗ ಹನ್ನೆರಡು ವರ್ಷ. ಅಪ್ಪ ಮತ್ತು ಅವನ ತಮ್ಮ, ಅಂದರೆ ಕಾಕಾ, ಕೊರ್ಲಹಳ್ಳಿಯಲ್ಲಿ ಒಂದೇ ಮನೆಯಲ್ಲಿದ್ದರು. ಗುಡ್ಡದ ಕಡೆಯಿಂದ ಇಳಿದುಬರುವ ಹಂದಿಗಳು ಶೇಂಗಾ ಕೆದರದಂತೆ ಬೆಳೆ ಕಾಯುವುದಕ್ಕೆಂದು ಕೊಟ್ಟ ಲೈಸೆನ್ಸಿನಲ್ಲಿ ಇಬ್ಬರ ಹೆಸರೂ ಇತ್ತು. ಅಪ್ಪ ಬಂದೂಕನ್ನು ಪೂಜಿಸುತ್ತಿದ್ದ, ಕಾಕಾ ಹೊತ್ತು ತಿರುಗುತ್ತಿದ್ದ. ಆ ವರ್ಷ ಶ್ರಾವಣದಲ್ಲಿ ತುಂಬಿದ ಹೊಳೆಯನ್ನು ಹರಗೋಲಿನಲ್ಲಿ ದಾಟುವಾಗ ಬಂದೂಕು ಅವನ ಹೆಗಲಿಂದ ಜಾರಿ ನೀರಿಗೆ ಬಿತ್ತು. ದಂಡೆಯ ಹತ್ತಿರವೇ ಆದ್ದರಿಂದ ಮುಳುಗಿ ತೆಗೆದ. ಮನೆಗೆ ತಂದು ಗೂಟಕ್ಕೆ ತೂಗುಹಾಕಿದ. ಅಣ್ಣನಿಗೆ ಹೇಳಲಿಲ್ಲ. ಹೇಳಿದ್ದರೆ ಅಪ್ಪ ಎರಡು ದಿನ ಬೈದು ಮೂರನೆಯ ದಿನ ಮರೆಯುತ್ತಿದ್ದ, ಆದರೆ ಹೆದರಿದವನಿಗೆ ಅದೆಲ್ಲ ಹೊಳೆಯುವುದಿಲ್ಲ. ಮುಂದಿನ ಮಳೆಗಾಲಕ್ಕೆ ಅಪ್ಪ ಬಂದೂಕು ಇಳಿಸಿ ಕೀಲಿ ಸರಿಸಲು ಹೋದರೆ ಅದು ಅಲುಗಲೇ ಇಲ್ಲ. ಅದೇ ವಾರ ಹರಗೋಲಿನವನು ಬಾಯಿ ತಪ್ಪಿ ಹೊಳೆಯ ಸಂಗತಿ ಹೇಳಿಬಿಟ್ಟ. ಅಪ್ಪ ಎರಡನ್ನೂ ಕೂಡಿಸಿದ. ನೀರು ಒಳಗೆ ಹೊಕ್ಕಿದೆ, ತುಕ್ಕು ಹಿಡಿದಿದೆ, ತಮ್ಮ ವರ್ಷವಿಡೀ ಮುಚ್ಚಿಟ್ಟಿದ್ದಾನೆ.

ಕಾಕಾ ಇಲ್ಲವೆನ್ನಲಿಲ್ಲ. ತಲೆ ತಗ್ಗಿಸಿ ನಿಂತ. ಅಲ್ಲಿಂದ ಮುಂದೆ ನಮ್ಮ ಮನೆಯಲ್ಲಿ ಕೈಯಿಂದ ಏನು ಜಾರಿದರೂ, ಏನು ಒಡೆದರೂ, ಅವ್ವ ‘ಕಾಕಾನ ಬಂದೂಕ ಆತು’ ಎನ್ನುತ್ತಿದ್ದಳು. ಅದು ನಮ್ಮೆಲ್ಲರ ಬಾಯಿಗೂ ಹತ್ತಿತು. ನಾನು ಗದಗಿನ ಹೈಸ್ಕೂಲೊಂದರಲ್ಲಿ ಮೂವತ್ತು ವರ್ಷ ವಿಜ್ಞಾನ ಕಲಿಸಿದವಳು. ಹುಡುಗರು ಪ್ರನಾಳ ಒಡೆದಾಗಲೆಲ್ಲ ನನ್ನ ಬಾಯಿಂದ ಅದೇ ಮಾತು ಬರುತ್ತಿತ್ತು. ಅವರಿಗೆ ಅರ್ಥವಾಗುತ್ತಿರಲಿಲ್ಲ, ನಗುತ್ತಿದ್ದರು. ಆ ಮಾತು ಒಬ್ಬ ಮನುಷ್ಯನ ಬೆನ್ನಿಗೆ ಕಟ್ಟಿದ ಕಲ್ಲು ಎಂದು ನನಗೂ ಅನಿಸಿರಲಿಲ್ಲ.

ಅಣ್ಣ ತಮ್ಮಂದಿರು ಮಾತು ಬಿಡಲಿಲ್ಲ ಎನ್ನುವುದನ್ನೂ ಹೇಳಬೇಕು. ಮುಂದೆ ಹೊಲ ಪಾಲಾಗಿ ಕಾಕಾ ಹೆಂಡತಿಯ ತವರೂರಾದ ಕಳಸಾಪುರಕ್ಕೆ ಹೋಗಿ ಅಲ್ಲಿಯೇ ಒಕ್ಕಲುತನ ಮಾಡಿಕೊಂಡ. ಮದುವೆ ಮುಂಜಿಗೆ ಬರುತ್ತಿದ್ದ, ನಗುತ್ತಿದ್ದ, ಉಣ್ಣುತ್ತಿದ್ದ. ಒಂದು ದಿನ ಮಾತ್ರ ಬರುತ್ತಿರಲಿಲ್ಲ. ಅದು ಖಂಡೇನವಮಿ. ನಮ್ಮ ಕಡೆ ಅಂದು ಮನೆಯ ಕುಡಗೋಲು, ಕೊಡಲಿ, ಕುಂಟೆ, ಕೂರಿಗೆ ಎಲ್ಲವನ್ನೂ ತೊಳೆದು ಎಣ್ಣೆ ಹಚ್ಚಿ, ವಿಭೂತಿ ಅರಿಷಿಣ ಕುಂಕುಮ ಏರಿಸಿ ಪೂಜಿಸುತ್ತೇವೆ. ನಮ್ಮ ಮನೆಯಲ್ಲಿ ನಡುವಿನ ಜಾಗ ಬಂದೂಕಿನದು. ಮರುದಿನ ಬನ್ನಿ ಎಲೆ ಕೊಟ್ಟು ಬಂಗಾರದಂತೆ ಇರೋಣ ಎನ್ನಲು ಕಾಕಾ ತಪ್ಪದೆ ಬರುತ್ತಿದ್ದ. ನವಮಿಯ ದಿನ ಬಂದೂಕಿನ ಎದುರು ಕೂರಲು ಮಾತ್ರ ನಲವತ್ತಾರು ವರ್ಷ ಬರಲಿಲ್ಲ. ಅಪ್ಪ ಕರೆಯಲಿಲ್ಲ, ಇವನು ಕೇಳಲಿಲ್ಲ. ಇಬ್ಬರೂ ಒಂದೇ ತಾಯಿಯ ಮಕ್ಕಳು, ಹಟದಲ್ಲಿ ಯಾರೂ ಕಡಿಮೆಯಿಲ್ಲ.

ಬಂದೂಕಿಗೆ ಎಣ್ಣೆ ಹಚ್ಚುವ ಕೆಲಸ ನನ್ನದಾಗಿತ್ತು. ಹನ್ನೆರಡನೆಯ ವಯಸ್ಸಿನಲ್ಲಿ, ಆ ಹೊಳೆಯ ಸಂಗತಿ ನಡೆದ ವರ್ಷವೇ, ಅಪ್ಪನ ಅಂಗೈಗೆ ಕುರು ಎದ್ದಿದ್ದರಿಂದ ಮೊದಲ ಬಾರಿ ನನಗೆ ಒಪ್ಪಿಸಿದ. ನಾನು ಚೆನ್ನಾಗಿ ಮಾಡಿದೆನೆಂದು ಮುಂದೆಯೂ ನನಗೇ ಬಿಟ್ಟ. ಮದುವೆಯಾಗಿ ಬೆಟಗೇರಿಗೆ ಬಂದ ಮೇಲೂ ನವಮಿಗೆ ತವರಿಗೆ ಹೋಗಿ ಆ ಕೆಲಸ ಮಾಡಿಬರುತ್ತಿದ್ದೆ. ಅದರ ಬಗ್ಗೆ ನನಗೆ ಸಣ್ಣದಲ್ಲದ ಜಂಭವಿತ್ತು.

ಅಪ್ಪನ ಉತ್ತರಕ್ರಿಯೆಯ ದಿನಗಳು ಮುಗಿದು ನೆಂಟರು ಹೊರಟಾಗ ಕಾಕಾ ಮಾತ್ರ ಕಟ್ಟೆಯ ಮೇಲೆ ಕುಳಿತೇ ಇದ್ದ. ಎಂಬತ್ತು ದಾಟಿದವನು. ಹತ್ತಿರ ಕರೆದು, ಬಂದೂಕನ್ನು ಏನು ಮಾಡುತ್ತೀ ಎಂದು ಕೇಳಿದ. ಇನ್ನೂ ಯೋಚಿಸಿಲ್ಲ ಎಂದೆ.

“ಏನರ ಮಾಡು ಯವ್ವಾ. ಆದರ ಅದಕ್ಕಿಂತ ಮೊದಲ ಒಮ್ಮಿ ಬಿಚ್ಚಿಸಿ ನೋಡು. ನಾ ಕೆಡಿಸಿದ್ದು ಹೌದೋ ಅಲ್ಲೋ, ಕಣ್ಣು ಮುಚ್ಚೂದರೊಳಗ ನನಗ ಗೊತ್ತಾಗಲಿ.”

ಅಷ್ಟು ವರ್ಷಗಳಲ್ಲಿ ಅವನು ಬಂದೂಕಿನ ಮಾತೆತ್ತಿದ್ದು ಅದೇ ಮೊದಲು. ಆಗಲಿ ಎಂದೆ.

ಅಪ್ಪ ಹಾಸಿಗೆ ಹಿಡಿದಾಗಲೇ ಬಂದೂಕನ್ನು ಮುಂಡರಗಿಯ ಠಾಣೆಗೆ ಒಪ್ಪಿಸಿದ್ದೆವು. ಲೈಸೆನ್ಸು ನನ್ನ ಹೆಸರಿಗಾಗಲು ಒಂದು ವರ್ಷದ ಮೇಲೆ ಹಿಡಿಯಿತು. ಆ ವರ್ಷದಲ್ಲಿ ನಾನು ಎಷ್ಟು ಫೋಟೋ ತೆಗೆಸಿದೆನೆಂದರೆ ನನ್ನ ಮದುವೆಯಲ್ಲೂ ಅಷ್ಟು ತೆಗೆಸಿರಲಿಲ್ಲ. ಕೊನೆಗೆ ಬಂದೂಕು ಕೈಗೆ ಬಂತು. ಬೆಟಗೇರಿಯಲ್ಲಿ ನಮ್ಮ ಓಣಿಯ ಲೇಥ್ ಕೆಲಸದವನೊಬ್ಬನನ್ನು, ಕೂತುಹೋದ ಕಬ್ಬಿಣದ ಕೀಲು ಬಿಚ್ಚುವುದು ಹೇಗೆಂದು ಬರಿ ಬಾಯಿಮಾತಿಗೆ ವಿಚಾರಿಸಿದೆ. ಗ್ಯಾಸ್ ಬೆಂಕಿ ಹಿಡಿದು ಕೆಂಪಗೆ ಕಾಯಿಸಿ ಸುತ್ತಿಗೆಯಿಂದ ಎರಡು ಕೊಟ್ಟರೆ ಬೆಣ್ಣೆಯಂತೆ ಬಿಚ್ಚುತ್ತದೆ ಎಂದ. ಅವನ ಉತ್ಸಾಹ ನೋಡಿ ನನಗೆ ದಿಗಿಲಾಯಿತು. ಅಲ್ಲಿ ಇಲ್ಲಿ ಕೇಳಿದಾಗ ಲಕ್ಷ್ಮೇಶ್ವರದಲ್ಲಿ ಪರವಾನಗಿ ಇರುವ ಬಂದೂಕಿನ ಉಸ್ತಾದರೊಬ್ಬರಿದ್ದಾರೆ ಎಂದು ತಿಳಿಯಿತು. ಬಂದೂಕನ್ನು ಜಮಖಾನೆಯಲ್ಲಿ ಸುತ್ತಿ, ಕಾಗದಪತ್ರಗಳನ್ನು ಎದೆಗವಚಿಕೊಂಡು, ಬಾಡಿಗೆ ಕಾರಿನಲ್ಲಿ ಹೊರಟೆ. ಶಿರಹಟ್ಟಿಯಲ್ಲಿ ಚಹಾಕ್ಕೆ ನಿಂತಾಗ ಅಂಗಡಿಯವನು ಜಮಖಾನೆಯ ಉದ್ದ ನೋಡಿ, ತಂಬೂರಿ ಏನ್ರಿ ಎಂದು ಕೇಳಿದ. ಹೌದು, ಆದರೆ ಇನ್ನೂ ಶ್ರುತಿಗೆ ಬಂದಿಲ್ಲ ಎಂದೆ.

ಉಸ್ತಾದರ ಅಂಗಡಿ ಪೇಟೆಯ ಹಿಂದಿನ ಓಣಿಯಲ್ಲಿ, ಎರಡು ಮಾರು ಅಗಲದ್ದು. ಅವರ ತಂದೆ, ಅಜ್ಜ ಎಲ್ಲ ಇದೇ ಕೆಲಸದವರಂತೆ. ಈಗ ಬಂದೂಕುಗಳೆಲ್ಲಿ, ಹೊಲಿಗೆ ಮಶೀನು, ತಕ್ಕಡಿ, ಬೀಗಗಳದೇ ಹೆಚ್ಚು. ಚುನಾವಣೆಗೆಂದು ಒಪ್ಪಿಸಿದ ಬಂದೂಕುಗಳು ತಿರುಗಿ ಬಂದಾಗ ಮಾತ್ರ ನಾಲ್ಕು ಜನ ಇತ್ತ ಬರುತ್ತಾರೆ. ಎಪ್ಪತ್ತರ ಆಸುಪಾಸಿನ, ಕಡಿಮೆ ಮಾತಿನ ಮನುಷ್ಯ. ನಾನು ಹೊಳೆಯಿಂದ ಹಿಡಿದು ಕಾಕಾನ ಮಾತಿನವರೆಗೆ ಎಲ್ಲವನ್ನೂ ಹೇಳಿ ಮುಗಿಸುವ ತನಕ ಅವರು ಬಂದೂಕನ್ನು ಮುಟ್ಟಲೇ ಇಲ್ಲ. ಆಮೇಲೆ ಲೈಸೆನ್ಸು ಓದಿದರು. ಆಮೇಲೆ ಎದ್ದು ಕೈ ತೊಳೆದುಕೊಂಡರು.

“ಅಕ್ಕೋರ, ಕೆಟ್ಟೈತೋ ಇಲ್ಲೋ ಆಮ್ಯಾಲ ನೋಡೂಣು. ಒಳಗ ತೋಟಾ ಐತೋ ಇಲ್ಲೋ ತಿಳಿಯೂ ತನಕ ಇದು ತುಂಬಿದ ಬಂದೂಕು ಅಂತನ ತಿಳಕೋಬೇಕು.”

ಆ ಯೋಚನೆ ನಮ್ಮ ಮನೆಯಲ್ಲಿ ಯಾರಿಗೂ ಬಂದಿರಲಿಲ್ಲ. ಉಸ್ತಾದರು ಉದ್ದನೆಯ ಹಿತ್ತಾಳೆ ಸಲಾಕೆಯೊಂದನ್ನು ನಳಿಗೆಯ ತುದಿಯಿಂದ ಮೆಲ್ಲಗೆ ಒಳಗಿಳಿಸಿದರು. ಅದು ನಿಂತಾಗ ನಳಿಗೆಯ ಅಂಚಿಗೆ ಸರಿಯಾಗಿ ಸೀಮೆಸುಣ್ಣದ ಗುರುತು ಹಾಕಿ, ಹೊರತೆಗೆದು ನಳಿಗೆಯ ಪಕ್ಕಕ್ಕೆ ಹಿಡಿದು ನೋಡಿದರು. ಸಲಾಕೆ ತಳ ಮುಟ್ಟಿರಲಿಲ್ಲ. ನಾಲ್ಕು ಬೆರಳಿನಷ್ಟು ಮೊದಲೇ ಏನೋ ತಡೆದಿತ್ತು. ಒಂದು ತೋಟಾದ ಉದ್ದವೂ ಹೆಚ್ಚು ಕಡಿಮೆ ಅಷ್ಟೇ ಎಂದರು. ಲೇಥಿನವನ ಗ್ಯಾಸ್ ಬೆಂಕಿ ನೆನಪಾಗಿ ನಾನು ಬಾಗಿಲ ಕಡೆಗೆ ಎರಡು ಹೆಜ್ಜೆ ಸರಿದೆ.

ಅವರ ಉಪಾಯ ಸರಳವಾಗಿತ್ತು. ಬಂದೂಕನ್ನು ನೆಟ್ಟಗೆ ನಿಲ್ಲಿಸಿ ನಳಿಗೆಯ ತುಂಬ ಸೀಮೆಎಣ್ಣೆ ಹೊಯ್ದು ಒಂದು ವಾರ ಬಿಡುವುದು. ಒಳಗೆ ತೋಟಾ ಇದ್ದರೆ ಎಣ್ಣೆ ಇಳಿದು ಅದರ ಮದ್ದಿನ ಜೀವ ಕಡಿಮೆಯಾಗುತ್ತದೆ. ಆದರೂ ನಂಬುವುದಿಲ್ಲ, ಬಿಚ್ಚುವಾಗ ಹುಷಾರಾಗಿಯೇ ಬಿಚ್ಚುತ್ತೇನೆ ಎಂದರು. ವಾರ ಬಿಟ್ಟು ಬರಲು ಹೇಳಿದರು.

ದಾರಿಯಲ್ಲಿಯೇ ಕಾಕಾನಿಗೆ ಫೋನು ಮಾಡಿದ್ದು ನನ್ನ ದೊಡ್ಡ ತಪ್ಪು. ನನಗೆ ತಡೆಯುವುದೇ ಗೊತ್ತಿಲ್ಲ, ಹೊಟ್ಟೆಯಲ್ಲಿ ಹುಟ್ಟಿದ್ದು ಬಾಯಲ್ಲಿ ಬರಲೇಬೇಕು. ಹೊಳೆಗೆ ಬಿದ್ದ ದಿನ ತೋಟಾ ತೆಗೆದಿದ್ದೆಯಾ ಎಂದು ಕೇಳಿದೆ.

“ತಗದಿದ್ದೆ ಅನಸ್ತೈತಿ. ಖರೆ ಹೇಳಬೇಕಂದ್ರ ನೆನಪಿಲ್ಲ ಯವ್ವಾ. ಆ ಗೂಟದ ಕೆಳಗ ನೀನೂ ನಿನ್ನ ತಂಗೀನೂ ಮಲಗತಿದ್ರಿ.”

ಅಷ್ಟು ಹೇಳಿ ಫೋನು ಇಟ್ಟ. ನಾನು ಅವನ ಭಾರ ಇಳಿಸಲು ಹೋಗಿ ಇನ್ನೊಂದು ಹೊರೆ ಹೇರಿದ್ದೆ. ಮೂರು ದಿನ ಕಳೆದ ಮೇಲೆ ಅವನ ಸೊಸೆ ಫೋನು ಮಾಡಿ, ಮಾವ ಸರಿಯಾಗಿ ಉಣ್ಣುತ್ತಿಲ್ಲ, ಹಗಲೆಲ್ಲ ಕಟ್ಟೆಯ ಮೇಲೆ ಕುಳಿತು ಏನೋ ನೆನಪು ಮಾಡಿಕೊಳ್ಳುತ್ತಿದ್ದಾರೆ, ಏನಾಯಿತು ಎಂದು ವಿಚಾರಿಸಿದಳು. ನನಗೇ ನನ್ನ ಮೇಲೆ ಸಿಟ್ಟು ಬಂದು ಆ ವಾರ ಮನೆಯವರಿಗೆಲ್ಲ ವಿನಾಕಾರಣ ಬೈದೆ. ಅಡುಗೆಗೂ ಉಪ್ಪು ಹೆಚ್ಚಾಯಿತು.

ಎಂಟನೆಯ ದಿನ ಲಕ್ಷ್ಮೇಶ್ವರಕ್ಕೆ ಹೋದಾಗ ಉಸ್ತಾದರು ಕಟ್ಟಿಗೆಯ ಹಿಡಿಯನ್ನು ಬೇರೆ ಮಾಡಿ, ಕೀಲಿನ ಭಾಗವನ್ನು ಡೀಸೆಲ್ ತುಂಬಿದ ಬೋಗುಣಿಯಲ್ಲಿ ನೆನೆಹಾಕಿದ್ದರು. ಮಾಲಕರ ಎದುರಿಗಲ್ಲದೆ ಬಿಚ್ಚುವುದಿಲ್ಲ ಎಂಬುದು ಅವರ ಮನೆತನದ ರೂಢಿಯಂತೆ. ಆದರೆ ಎದುರಿಗೆ ಎಂದರೆ ಓಣಿಯ ಆಚೆ ದಂಡೆ ಎಂದರ್ಥ. ನನ್ನನ್ನು ಎದುರಿನ ಗೋಡೆಯ ಹಿಂದೆ ನಿಲ್ಲಿಸಿದರು. ಒಳಗಿನ ಸೀಮೆಎಣ್ಣೆ ಹೊರಗೆ ಸುರುವಿ, ನಳಿಗೆಯ ತುದಿಯನ್ನು ಉಸುಕು ತುಂಬಿದ ಡ್ರಮ್ಮಿನೊಳಗೆ ಹೂತು, ತಾವು ಒಂದು ಪಕ್ಕಕ್ಕೆ ಸರಿದು, ಕಟ್ಟಿಗೆಯ ಕೊಡತಿಯಿಂದ ಕೀಲಿಯನ್ನು ತಟ್ಟತೊಡಗಿದರು. ಒಂದು ತಟ್ಟು, ಒಂದಿಷ್ಟು ಡೀಸೆಲ್, ಮತ್ತೊಂದು ತಟ್ಟು. ಅವಸರವೇ ಇಲ್ಲ. ನಾನು ಗೋಡೆಯ ಹಿಂದೆ ನಿಂತು ಅದುವರೆಗೆ ಹರಕೆ ಹೊರದ ದೇವರುಗಳಿಗೆಲ್ಲ ಹರಕೆ ಹೊತ್ತೆ. ಸುಮಾರು ಅರ್ಧ ತಾಸಿನ ಮೇಲೆ ‘ಟಕ್’ ಎಂದಿತು. ಬಹಳ ಸಣ್ಣ ಸದ್ದು.

“ಬರ್ರಿ ಅಕ್ಕೋರ, ನೋಡ ಬರ್ರಿ.”

ಬಂದೂಕು ನಡು ಬಾಗಿಸಿ ಬಿದ್ದಿತ್ತು. ಪಕ್ಕದಲ್ಲಿ ಹಳೆಯ ಪೇಪರಿನ ಮೇಲೆ ಬೆರಳಿಗಿಂತ ತುಸು ದಪ್ಪನೆಯ ಹಳದಿಗಟ್ಟಿದ ಸುರುಳಿಯೊಂದಿತ್ತು. ತೋಟಾ ಅಲ್ಲ, ಅರಳೆ. ಹೊಲದ ಅರಳೆಯನ್ನು ಬಿಗಿಯಾಗಿ ಹೊಸೆದು, ಮೇಲೆ ದಾರ ಸುತ್ತಿ, ತೋಟಾ ಕೂರುವ ಜಾಗಕ್ಕೆ ಸರಿಯಾಗಿ ಹೊಂದುವಂತೆ ಮಾಡಿದ್ದರು. ಉಸ್ತಾದರು ದಾರ ಬಿಚ್ಚಿ ನಡುವಿನ ಎಳೆಗಳನ್ನು ಬೆರಳಿನಲ್ಲಿ ತಿಕ್ಕಿ ನೋಡಿದರು. ಹೊರಗೆಲ್ಲ ಸೀಮೆಎಣ್ಣೆ ನಾರುತ್ತಿದ್ದರೂ ನಡುವಿನಲ್ಲಿ ಇನ್ನೂ ಅಂಟಂಟು ಜಿಡ್ಡಿತ್ತು.

“ಔಡಲೆಣ್ಣಿ. ಹರಳೆಣ್ಣಿ ಅಂತಾರಲ್ಲ, ಅದ. ಯಾರೋ ಬಲ್ಲವರು ಇಟ್ಟಾರ್ರೀ. ನೀರಿಗೆ ಬಿದ್ದದ್ದನ್ನ ಒಣಗಿಸಿ, ಮತ್ತ ಹಸಿ ಹಿಡೀಬಾರದಂತ ತುರುಕ್ಯಾರ. ಒಳಗ ನೋಡ್ರಿ, ಮಾರಿ ಕಾಣತೈತಿ.”

ನಳಿಗೆಯ ಹಿಂಬದಿ ನಿಜವಾಗಿಯೂ ಮುಖ ಕಾಣುವಷ್ಟು ಹೊಳೆಯುತ್ತಿತ್ತು. ತುಕ್ಕಿನ ಒಂದು ಚುಕ್ಕೆಯೂ ಇರಲಿಲ್ಲ. ನನಗೆ ಕುಣಿಯಬೇಕೆನಿಸಿತು. ಹೊಳೆಯಲ್ಲ, ಕಾಕಾ ಅಲ್ಲ. ಹಾಗಾದರೆ ಇಷ್ಟು ವರ್ಷ ಇದು ಹಟ ಹಿಡಿದು ಕೂತದ್ದು ಏಕೆ ಎಂದು ಕೇಳಿದೆ. ಕೇಳಬಾರದಿತ್ತು.

ಉಸ್ತಾದರು ಕೀಲಿನ ಸಂದಿಯಿಂದ ಚೂಪು ಕಡ್ಡಿಯಲ್ಲಿ ಒಂದು ಹಕ್ಕಳೆ ಎಬ್ಬಿಸಿದರು. ಹಳೆ ಮನೆಯ ಗೋಡೆಯ ಸುಣ್ಣದಂತೆ ಪದರ ಪದರವಾಗಿತ್ತು. ಒಂದು ಹಳದಿ, ಒಂದು ಕೆಂಪು, ಒಂದು ಬೂದಿ ಬಣ್ಣ, ಮತ್ತೆ ಹಳದಿ. ಎಲ್ಲಕ್ಕೂ ತಳದಲ್ಲಿ ಅರಗಿನಂಥ, ಜೇನಿನ ಬಣ್ಣದ ಗಟ್ಟಿ ಪದರ. ಆ ಹಕ್ಕಳೆಯನ್ನು ಚಮಚದಲ್ಲಿಟ್ಟು ಸ್ಟೋವಿನ ಮೇಲೆ ಹಿಡಿದರು. ವಾಸನೆ ಎದ್ದಿತು. ನನಗೆ ಆ ವಾಸನೆ ಹುಟ್ಟಿದಾಗಿನಿಂದ ಗೊತ್ತು.

“ಇದು ತುಕ್ಕಲ್ರೀ ಅಕ್ಕೋರ. ಒಗ್ಗರಣಿ,” ಎಂದರು ಉಸ್ತಾದರು. “ಪೂಜಿಗೆ ಯಾವ ಎಣ್ಣಿ ಹಚ್ಚತಿದ್ರಿ?”

ಕುಸುಬಿ ಎಣ್ಣೆ ಎಂದೆ. ನಮ್ಮ ಕಡೆ ಇನ್ನಾವ ಎಣ್ಣೆ ಇರುತ್ತದೆ? ಗಾಣದಿಂದ ತಂದ ಕುಸುಬಿ ಎಣ್ಣೆ. ಎಷ್ಟು ಹಚ್ಚುತ್ತಿದ್ದಿರಿ ಎಂದು ಕೇಳಿದರು. ಆಗ ಎಲ್ಲವೂ ಕಣ್ಣ ಮುಂದೆ ಬಂದು ನಿಂತಿತು. ಮೊದಲ ಬಾರಿ ಅಪ್ಪ ಕೆಲಸ ಒಪ್ಪಿಸಿದಾಗ, ದೇವರ ವಿಷಯದಲ್ಲಿ ಕೈ ಹಿಡಿಯಬಾರದೆಂದು ನಾನು ಒಂದು ಬಟ್ಟಲು ಎಣ್ಣೆಯನ್ನು ಒಲೆಯ ಮೇಲೆ ಬೆಚ್ಚಗೆ ಮಾಡಿ, ಕೂಸಿಗೆ ಎರೆಯುವಂತೆ ಬಂದೂಕಿಗೆ ಎರೆದಿದ್ದೆ. ಚಮಚದಿಂದ ಪ್ರತಿ ಸಂದಿಗೂ ಬಿಟ್ಟಿದ್ದೆ. ಕೀಲಿಯನ್ನು ಸ್ವಲ್ಪ ಸರಿಸಿ ಅದರ ಕೆಳಗೂ ಬಿಟ್ಟಿದ್ದೆ. ಅದರ ಮೇಲೆ ಮುಷ್ಟಿಗಟ್ಟಲೆ ಅರಿಷಿಣ. ಅಂದರೆ ಆ ನವಮಿಯ ದಿನ ಕೀಲಿ ಸರಿಯುತ್ತಿತ್ತು. ಹೊಳೆಗೆ ಬಿದ್ದು ಎರಡು ತಿಂಗಳಾದ ಮೇಲೂ ಅದು ನನ್ನ ಹೆಬ್ಬೆರಳಿಗೆ ಸರಿದಿತ್ತು. ಆಮೇಲೆ ಬಂದೂಕು ವರ್ಷವಿಡೀ ಅಡುಗೆಮನೆಯ ಒಲೆಯ ಆಚೆ ಗೋಡೆಗೆ, ಬಿಸುಪಿನಲ್ಲಿ ತೂಗುತ್ತಿತ್ತು.

ಕುಸುಬಿ ಎಣ್ಣೆ ಗಾಳಿಗೆ ಒಣಗಿ ಗಟ್ಟಿಯಾಗುವ ಎಣ್ಣೆ. ಇದನ್ನು ನನಗೆ ಯಾರೂ ಹೇಳಿಕೊಡಬೇಕಿರಲಿಲ್ಲ. ಎಣ್ಣೆಯ ಡಬ್ಬಿಯ ಹೊರಮೈಗೆ ಕಟ್ಟುವ ಅಂಟನ್ನು ಬೂದಿ ಹಾಕಿ ತಿಕ್ಕಿ ತಿಕ್ಕಿ ಕೈ ಸವೆಸದ ಹೆಂಗಸು ನಮ್ಮ ಸೀಮೆಯಲ್ಲಿಲ್ಲ. ತುಕ್ಕು ಎಂದರೇನು, ಅದಕ್ಕೆ ಎಣ್ಣೆ ಏಕೆ ಹಚ್ಚಬೇಕು ಎಂದು ಮೂವತ್ತು ವರ್ಷ ಕರಿಹಲಗೆಯ ಮೇಲೆ ಬರೆದವಳು ನಾನು. ಡಬ್ಬಿ ತಿಕ್ಕುವ ನಾನು, ಪಾಠ ಹೇಳುವ ನಾನು, ಪೂಜೆ ಮಾಡುವ ನಾನು, ಈ ಮೂವರೂ ಒಂದು ದಿನವೂ ಒಬ್ಬರನ್ನೊಬ್ಬರು ಭೇಟಿಯಾಗಿರಲಿಲ್ಲ. ನಾಚಿಕೆಯಿಂದ ಮುಖ ಬೆವರಿತು.

ಉಸ್ತಾದರು ನನ್ನ ಮುಖ ನೋಡಿ, ಗಾಬರಿಯಾಗಬೇಡಿ, ಈ ಪದರದಿಂದ ಉಪಕಾರವೂ ಆಗಿದೆ ಎಂದರು. ನಳಿಗೆಯ ಹೊರಮೈಗೆ ಇದೇ ಹೊದಿಕೆಯಾಗಿ ಗಾಳಿ ತಾಗದಂತೆ ಕಾದಿತ್ತು. ಹಿಡಿಗೆ ನಾನೂ ಅಗಸೆ ಎಣ್ಣೆಯನ್ನೇ ಹಚ್ಚುತ್ತೇನೆ, ಕಟ್ಟಿಗೆಗೆ ಒಣಗುವ ಎಣ್ಣೆ ಬೇಕು, ಕಬ್ಬಿಣಕ್ಕೆ ಔಡಲೆಣ್ಣೆಯಂಥ ಒಣಗದ್ದು ಬೇಕು ಎಂದು ವಿವರಿಸಿದರು. ಕೆರೆದು ತೆಗೆದ ಚೂರುಗಳನ್ನು ಒಂದನ್ನೂ ನೆಲಕ್ಕೆ ಬೀಳಿಸದೆ ಕಾಗದದಲ್ಲಿ ಕಟ್ಟಿ ನನ್ನ ಕೈಗೆ ಕೊಟ್ಟರು. ದೇವರಿಗೆ ಏರಿಸಿದ್ದು, ನನ್ನ ಕಸದ ಬುಟ್ಟಿಗೆ ಹಾಕಲಾರೆ, ಹೊಳೆಗೆ ಬಿಡಿ ಎಂದರು. ಆ ಮಾತಿಗೆ ನಾನು ಅವರಿಗೆ ಕೈ ಮುಗಿದೆ.

ಮುಂದಿನ ಮೂರು ವಾರ ಕೆಲಸ ನಡೆಯಿತು. ಹಿಡಿಯ ಸೀಳಿಗೆ ತೆಳ್ಳನೆಯ ಹಿತ್ತಾಳೆ ಪಟ್ಟಿ ಕೂರಿಸಿದರು. ಸೋತ ಸ್ಪ್ರಿಂಗನ್ನು ತಾವೇ ಉಕ್ಕು ಕಾಯಿಸಿ ಹೊಸದಾಗಿ ಮಾಡಿದರು. ನಳಿಗೆಗೆ ಮೆರುಗು ಕೊಡಿ ಎಂದು ನಾನು ಕೇಳಿದಾಗ, ಎಂಬತ್ತು ವರ್ಷದವರಿಗೆ ಯಾರಾದರೂ ಪೌಡರ್ ಬಳಿಯುತ್ತಾರೆಯೇ ಎಂದು ನಿರಾಕರಿಸಿದರು. ಕೊನೆಯ ದಿನ ಮದ್ದಿಲ್ಲದ ಖಾಲಿ ತೋಟಾದ ಕ್ಯಾಪನ್ನು ಮಾತ್ರ ಹಾರಿಸಿ ತೋರಿಸಿದರು. ‘ಪಟ್’ ಎಂದಿತು. ಹಳೆಯ ಉಕ್ಕು, ಜೋರಿನ ತೋಟಾ ಹಾಕಬೇಡಿ, ಹಂದಿ ಓಡಿಸಲು ಸಣ್ಣ ಸದ್ದು ಸಾಕು ಎಂದು ಎಚ್ಚರಿಸಿ ಕಳಿಸಿದರು.

ತೋಟಾ ಇರಲಿಲ್ಲ ಎಂದು ಕಾಕಾನಿಗೆ ಬಂದೂಕು ಬಿಚ್ಚಿದ ದಿನವೇ ಫೋನಿನಲ್ಲಿ ತಿಳಿಸಿದ್ದೆ. ಉಳಿದದ್ದನ್ನು ಎದುರಿಗೇ ಬಂದು ಹೇಳುತ್ತೇನೆ ಎಂದಿದ್ದೆ. ನಿಜ ಹೇಳಬೇಕೆಂದರೆ ಆ ಮೂರು ವಾರ ನಾನು ಒಂದು ಸುಳ್ಳನ್ನು ಸಿದ್ಧಪಡಿಸಿಕೊಳ್ಳುತ್ತಿದ್ದೆ. ಹೊಳೆಯಿಂದಲ್ಲ ಕಾಕಾ, ಹಳೆಯದಾಗಿ ತಾನಾಗಿ ಕೂತಿತ್ತು, ಎಂದುಬಿಟ್ಟರೆ ಅವನ ಭಾರವೂ ಇಳಿಯುತ್ತದೆ, ನನ್ನ ಮಾನವೂ ಉಳಿಯುತ್ತದೆ. ಕಳಸಾಪುರದ ದಾರಿಯಲ್ಲಿಯೂ ಅದನ್ನೇ ಬಾಯಿಪಾಠ ಮಾಡಿದೆ. ನೀರಿಗೆ ಬಿದ್ದದ್ದನ್ನು ಕಾಕಾ ಏಕೆ ಮುಚ್ಚಿಟ್ಟ ಎಂಬುದು ಅಂದು ನನಗೆ ಪೂರಾ ಅರ್ಥವಾಯಿತು.

ಅವನು ಅಂಗಳದಲ್ಲಿ ಮೆಣಸಿನಕಾಯಿ ಹರವುತ್ತ ಕುಳಿತಿದ್ದ. ಬಾ ಎನ್ನಲಿಲ್ಲ, ಕೂರು ಎನ್ನಲಿಲ್ಲ. ಏನು ಬಂತು ಎಂದು ಕಣ್ಣಲ್ಲೇ ಕೇಳಿದ. ನಾನು ಮೊದಲು ಅರಳೆಯ ಸುರುಳಿಯನ್ನು ಅವನ ಅಂಗೈಗಿಟ್ಟೆ. ತಿರುಗಿಸಿ ನೋಡಿದ. ದಾರದ ಗಂಟನ್ನು ಹೆಬ್ಬೆರಳಿನಿಂದ ಸವರಿದ.

“ಇದು ನಾನ ಸುತ್ತಿದ್ದು,” ಎಂದ. “ದನದ ಕೊಟ್ಟಿಗ್ಯಾಗ ಕುಂತು ಸುತ್ತಿದ್ದೆ. ಔಡಲೆಣ್ಣಿ ನಿಮ್ಮಜ್ಜಿ ಬಾಟ್ಲಿಂದ ತಗೊಂಡಿದ್ದೆ. ಮರತಬಿಟ್ಟಿದ್ದೆ ನೋಡು.”

ತಪ್ಪೊಂದನ್ನು ನಲವತ್ತಾರು ವರ್ಷ ನೆನಪಿಟ್ಟವನು, ತಾನು ಮಾಡಿದ್ದ ಜೋಪಾನವನ್ನು ಪೂರ್ತಿ ಮರೆತಿದ್ದ. ನಾವು ಯಾರೂ ಅವನಿಗೆ ಅದನ್ನು ನೆನಪು ಮಾಡಿಕೊಳ್ಳಲು ಬಿಟ್ಟಿರಲಿಲ್ಲ. ಆ ಕ್ಷಣಕ್ಕೆ ನನ್ನ ಬಾಯಿಪಾಠವೆಲ್ಲ ಹಾರಿಹೋಯಿತು. ಚೀಲದಿಂದ ಕಾಗದದ ಪೊಟ್ಟಣ ತೆಗೆದು ಬಿಚ್ಚಿಟ್ಟು, “ಬಂದೂಕು ಕೆಡಿಸಿದಾಕಿ ನಾ, ಕಾಕಾ,” ಎಂದೆ. ಬಟ್ಟಲು, ಚಮಚ, ಅರಿಷಿಣ, ಎಲ್ಲವನ್ನೂ ಒಂದೂ ಬಿಡದೆ ಹೇಳಿದೆ.

ಕಾಕಾ ನಾನು ಜೊತೆಗೆ ತಂದಿದ್ದ ಬಂದೂಕನ್ನು ತೊಡೆಯ ಮೇಲಿಟ್ಟುಕೊಂಡು ಕೀಲಿ ಸರಿಸಿದ. ಬಾಗಿತು. ಮುಚ್ಚಿದ. ಮತ್ತೆ ಬಾಗಿಸಿದ. ಖಾಲಿ ನಳಿಗೆಯೊಳಗಿನಿಂದ ಆಕಾಶ ನೋಡಿದ. ಕೊನೆಗೆ, “ನಿಮ್ಮಪ್ಪ ಇರಬೇಕಾಗಿತ್ತು,” ಎಂದ. ನಾನು ಅತ್ತೆ. ಅವನೂ ಧೋತರದ ತುದಿಯಿಂದ ಕಣ್ಣೊರೆಸಿಕೊಂಡ, ಮೆಣಸಿನಕಾಯಿ ಘಾಟು ಎಂದು ಸೊಸೆಗೆ ಹೇಳಿದ. ಸ್ವಲ್ಪ ಹೊತ್ತಾದ ಮೇಲೆ ಮುಖದಲ್ಲಿ ನಗು ಮೂಡಿತು.

“ಮುಚ್ಚಿಟ್ಟಿದ್ದು ನಂದು, ಅದು ನನ್ನ ಪಾಲಿಗಿರಲಿ. ಕೆಡಿಸಿದ್ದನ್ನ ನೀ ತಗೋ. ಪಾಲು ಸರಿ ಆತು.”

ಸರಿ ಎಂದೆ. ಜೀವನದಲ್ಲಿ ಅಷ್ಟು ಸಂತೋಷದಿಂದ ನಾನು ಯಾವ ಆಸ್ತಿಯನ್ನೂ ಪಡೆದಿರಲಿಲ್ಲ. ಹೊರಡುವಾಗ, ಈ ಸಲ ನವಮಿ ನಮ್ಮ ಬೆಟಗೇರಿಯ ಮನೆಯಲ್ಲಿ, ಬರಬೇಕು ಎಂದು ಕರೆದೆ. ಬರುತ್ತೇನೆ ಎನ್ನಲಿಲ್ಲ, ಬರುವುದಿಲ್ಲ ಎನ್ನಲೂ ಇಲ್ಲ. ಹುಷಾರಾಗಿ ಹೋಗು ಎಂದಷ್ಟೇ ಹೇಳಿದ.

ನವಮಿಯ ಬೆಳಿಗ್ಗೆ ನಾನು ನಾಲ್ಕು ಸಲ ಬಾಗಿಲಿಗೆ ಹೋಗಿಬಂದೆ. ಅವ್ವ ಈಗ ನನ್ನ ಬಳಿಯೇ ಇರುತ್ತಾಳೆ. ಕೂತಲ್ಲಿಂದಲೇ, ಹೊಸ್ತಿಲು ಸವೆಸಬೇಡ, ಬರುವವನು ಬರುತ್ತಾನೆ ಎಂದು ಗದರಿದಳು. ಹತ್ತು ಗಂಟೆಯ ಹೊತ್ತಿಗೆ ಕಾಕಾ ಸೊಸೆಯ ಕೈ ಹಿಡಿದು ಆಟೋದಿಂದ ಇಳಿದ. ಒಗೆದ ಧೋತರ, ಹೊಸ ಟೋಪಿ. ಅಂಗಿಯ ಜೇಬಿನಲ್ಲಿ ಏನೋ ಉಬ್ಬಿತ್ತು. ನೇರ ಪೂಜೆಯ ಜಾಗಕ್ಕೆ ಬಂದು ಬಂದೂಕಿನ ಎದುರು ಚಕ್ಕಳಮಕ್ಕಳ ಹಾಕಿ ಕುಳಿತ. ನಾನು ರೂಢಿಯಂತೆ ಎಣ್ಣೆಯ ಬಟ್ಟಲಿಗೆ ಕೈ ಹಾಕಿದೆ. ಅವನು ಬಟ್ಟಲನ್ನು ಮೆಲ್ಲಗೆ ಆಚೆ ಸರಿಸಿದ.

“ನೀ ಅರಿಷಿಣ ಹಚ್ಚು, ಸಾಕು. ಎಣ್ಣಿ ತಂಟೆಕ್ಕ ಬರಬ್ಯಾಡ.”

ಜೇಬಿನಿಂದ ಔಡಲೆಣ್ಣೆಯ ಸಣ್ಣ ಬಾಟಲಿ ತೆಗೆದ. ಅರಿವೆಯ ತುಂಡಿಗೆ ಎರಡೇ ಹನಿ ಹಾಕಿ, ನಳಿಗೆಯನ್ನು ಉದ್ದಕ್ಕೂ ಒರೆಸಿದ. ಕೀಲಿಗೆ ಕಡ್ಡಿಯ ತುದಿಯಿಂದ ಅರ್ಧ ಹನಿ ಮುಟ್ಟಿಸಿದ. ಆಮೇಲೆ ನಡು ಬಾಗಿಸಿ, ಮನೆಯಿಂದಲೇ ಸುತ್ತಿ ತಂದಿದ್ದ ಹೊಸ ಅರಳೆಯ ಸುರುಳಿಯನ್ನು ಒಳಗಿಟ್ಟು ಮುಚ್ಚಿದ. ಊಟಕ್ಕೆ ಬಡಿಸುವಾಗ ನನ್ನ ಕೈಯಿಂದ ತುಪ್ಪದ ಗಿಂಡಿ ಜಾರಿ ಬಿತ್ತು. ಅವ್ವ ರೂಢಿಯಂತೆ ‘ಕಾಕಾನ...’ ಎಂದು ಆರಂಭಿಸಿ, ಅರ್ಧಕ್ಕೆ ನಿಲ್ಲಿಸಿ, ಮೈದುನನ ಮುಖ ನೋಡಿ ಸೆರಗಿನಲ್ಲಿ ಬಾಯಿ ಮುಚ್ಚಿಕೊಂಡಳು. ಕಾಕಾ ಹೋಳಿಗೆ ಮುರಿಯುತ್ತ ನಕ್ಕ.

ಸಂಜೆಯಾದರೂ ಅವನು ಹೊರಡುವ ಲಕ್ಷಣ ಕಾಣಲಿಲ್ಲ. ನಾಳೆ ಬನ್ನಿ ಕೊಡಲು ಮತ್ತೆ ಅಷ್ಟು ದೂರದಿಂದ ಬರಬೇಕಲ್ಲ ಎಂದೆ. ಯಾಕೆ ಬರಬೇಕು, ಇಲ್ಲಿಯೇ ಇರುತ್ತೇನೆ ಎಂದ. ನಮ್ಮದು ಸಣ್ಣ ಮನೆ, ಹಾಸಿಗೆ ಎಲ್ಲಿ ಹಾಸಲಿ ಎಂದು ಕೇಳಿದೆ. ಪಡಸಾಲೆಯ ಗೋಡೆಗೆ ನಾನು ಹೊಸದಾಗಿ ಬಡಿಸಿದ್ದ ಗೂಟವನ್ನೂ, ಅದಕ್ಕೆ ತೂಗುತ್ತಿದ್ದ ಬಂದೂಕನ್ನೂ ಒಮ್ಮೆ ನೋಡಿದ.

“ಅದರ ಕೆಳಗ ಹಾಸು,” ಎಂದ.